ಮುಂದಿನ ಹಲ್ಲಿನ ಫೋಟೊ

ಮದುವೆ ಮೆರವಣಿಗೆಯಲ್ಲಿ ಕುಣಿಯುವವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ. ಎಚ್ಚರವೆಲ್ಲ ಬಾರಿಸುವವರಿಗೆ, ಊದುವವರಿಗೆ ಬಿಟ್ಟಿದ್ದು. ಆಷಾಢ ಹಿಡಿಯುವ ಮುಂಚಿನ ಕಡೆಯ ಮದುವೆಯಲ್ಲಿ ಮದುಮಗನ ಗೆಳೆಯನೊಬ್ಬ ಕೈಯೆತ್ತಿ ಗಿರಕಿ ಹೊಡೆಯುತ್ತ ಬಂದು ನನ್ನ ಕ್ಲಾರಿನೆಟ್ಟಿನ ಕೆಳತುದಿಗೆ ಮೊಣಕೈ ಕೊಟ್ಟ. ಮೇಲಿನ ತುದಿ ನನ್ನ ಬಾಯಲ್ಲಿತ್ತು. "ಸಾರಿ ಭಾಯ್" ಅಂದವನೇ ಮತ್ತೆ ಕುಣಿಯಲು ಹೋದ. ನಾನು ಬಾಯ್ತುಂಬ ರಕ್ತ ನುಂಗಿಕೊಂಡು ಆ ಹಾಡನ್ನು ಮುಗಿಸಿದೆ. ನಡುವೆ ನಿಲ್ಲಿಸಿದ ಬ್ಯಾಂಡನ್ನು ಸಿಕಂದರಾಬಾದಿನಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ.

ಮಾರನೆಯ ದಿನ ನೋಡಿಕೊಂಡರೆ ಮೇಲಿನ ಸಾಲಿನ ಮುಂದಿನ ಹಲ್ಲೊಂದು ನಾಲಿಗೆ ತಾಗಿದರೂ ಅಲುಗುತ್ತಿತ್ತು. ಬೇರೆಯವರಿಗೆ ಅದು ಒಂದು ಹಲ್ಲು. ಕ್ಲಾರಿನೆಟ್ ಊದುವವನಿಗೆ ಅದು ಅನ್ನ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಒತ್ತಿ ಹಿಡಿದರೇ ವಾದ್ಯ ಬಾಯಲ್ಲಿ ಕೂರುವುದು. ಅವು ಗಟ್ಟಿಯಿದ್ದರೆ ಮಾತ್ರ ಸ್ವರ ನಿಲ್ಲುತ್ತದೆ. ನನಗಿಂತ ಮುಂಚೆ ನಮ್ಮ ಬ್ಯಾಂಡಿನಲ್ಲಿ ಊದುತ್ತಿದ್ದವರು ನಮ್ಮ ಯಾದಗಿರಿ ಕಡೆಯವರೇ, ನನಗೆ ಈ ವಿದ್ಯೆ ಕಲಿಸಿದವರು. ಅವರ ಮುಂದಿನ ಹಲ್ಲು ಹೋಗಿ ಕಟ್ಟಿಸಿದ ಹಲ್ಲು ಬಂದ ಮೇಲೆ ಸ್ವರ ಕುಕ್ಕರಿನ ಸೀಟಿಯ ಹಾಗೆ ಕಿರುಚತೊಡಗಿತು. ಬ್ಯಾಂಡಿನ ಮಾಲೀಕ ಅವರ ಕೈಗೆ ಝಾಂಜ್ ಕೊಟ್ಟ. ಸೂಟು ಅದೇ, ಟೋಪಿ ಅದೇ. ಕೊನೆಯ ಸಾಲಿನಲ್ಲಿ ಎರಡು ಹಿತ್ತಾಳೆ ತಟ್ಟೆ ಬಡಿಯುತ್ತ ಅವರು ನಾನು ಊದುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಅವರು ನನ್ನ ಮುಖ ನೋಡಿ ನಕ್ಕಿದ್ದನ್ನು ನಾನು ಕಂಡಿಲ್ಲ.

ಇನ್ನು ನನಗೂ ಅದೇ ಗತಿ. ಶ್ರಾವಣ ಬಂದರೆ ಒಂದರ ಹಿಂದೊಂದು ಮುಹೂರ್ತ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಹೇಳಿದವರು ನನ್ನನ್ನು ಎಲ್ಲೋ ನೋಡಿರಬೇಕು. ಪೆಟ್ಟಿಗೆ ತೆಗೆದು ಒಮ್ಮೆ ಬಾಯಿಗಿಟ್ಟುಕೊಂಡೆ. ನೋವು ಕಣ್ಣಿನವರೆಗೆ ಹೋಯಿತು. ಪೆಟ್ಟಿಗೆ ಮುಚ್ಚಿ ಲೋಕಲ್ ಟ್ರೈನು ಹತ್ತಿದೆ.

ಲಿಂಗಂಪಲ್ಲಿಯಲ್ಲಿ ಇಳಿದು ಆಟೋದಲ್ಲಿ ಹೋದರೆ ಒಂದು ಹಲ್ಲಿನ ಕಾಲೇಜು. ಅಲ್ಲಿ ಕಲಿಯುವ ಹುಡುಗ ಹುಡುಗಿಯರೇ ಬಂದವರನ್ನು ನೋಡುತ್ತಾರೆ, ಅವರ ಮೇಲೊಬ್ಬ ಸರ್ ಇರುತ್ತಾರೆ. ಸರ್ ನನ್ನ ಹಲ್ಲನ್ನು ಮೆಲ್ಲಗೆ ಅಲುಗಿಸಿ ಹಿಂದಿಯಲ್ಲಿ ತಿಳಿಸಿ ಹೇಳಿದರು. ಬೇರು ಒಳಗೆ ಮುರಿದ ಹಾಗಿದೆ. ಮೇಲೆ, ತುದಿಯಲ್ಲಿ ಮುರಿದಿದ್ದರೆ ಪಕ್ಕದ ಹಲ್ಲುಗಳಿಗೆ ತಂತಿ ಕಟ್ಟಿ ಉಳಿಸಬಹುದು. ಒಸಡಿನ ಹತ್ತಿರ ಮುರಿದಿದ್ದರೆ ಕೀಳುವುದೇ. ಎಲ್ಲಿ ಮುರಿದಿದೆ ಎಂದು ಎಕ್ಸ್‌ರೇ ಹೇಳಬೇಕು. ತುದಿಯಲ್ಲಿ, ತುದಿಯಲ್ಲಿ ಎಂದು ನಾನು ನೆನಪಿಗೆ ಬಂದ ಗುಡಿಗೂ ದರ್ಗಾಕ್ಕೂ ಕೂತಲ್ಲೇ ಹರಕೆ ಹೊತ್ತೆ.

ಎಕ್ಸ್‌ರೇ ತೆಗೆಯಲು ಬಿಳಿ ಕೋಟಿನ ಒಬ್ಬ ಹುಡುಗಿ ಬಂದಳು. ನನ್ನ ಮಗಳ ವಯಸ್ಸು. ಎದೆಯ ಮೇಲೆ ಸೀಸದ ಭಾರದ ಹೊದಿಕೆ ಹಾಕಿ, ಹಲ್ಲಿನ ಹಿಂದೆ ಬಿಸ್ಕತ್ತಿನಷ್ಟು ಅಗಲದ ಫಿಲ್ಮ್ ಇಟ್ಟು, ನನ್ನ ಹೆಬ್ಬೆರಳಿನಿಂದಲೇ ಒತ್ತಿ ಹಿಡಿಯಲು ಹೇಳಿದಳು. ಮೂಗಿನ ಮುಂದೆ ಮಿಶಿನ್ನಿನ ಕೊಳವೆ ಹೊಂದಿಸಿ, "ಕದಲಕಂಡಿ" ಎಂದು ಹೊರಗೆ ಓಡಿದಳು. ಕದಲಬೇಡಿ ಎಂದು. ಒಂದು ಸಣ್ಣ ಸದ್ದಾಯಿತು, ಅಷ್ಟೇ. ಅವಳು ಫಿಲ್ಮನ್ನು ಕತ್ತಲೆ ಕೋಣೆಗೆ ಒಯ್ದು ತೊಳೆದು ತಂದಳು. ಸರ್ ಅದನ್ನು ಬೆಳಕಿಗೆ ಹಿಡಿದರು. ಹಲ್ಲಿನ ಅರ್ಧ ಇತ್ತು, ಉಳಿದರ್ಧ ಬರೀ ಬಿಳಿ. ಕೊಳವೆ ತಪ್ಪಿತ್ತಂತೆ.

"ಮಳ್ಳೀ ತಿಯ್ಯಮ್ಮಾ" ಎಂದರು ಸರ್.

ತೆಲುಗಿನಲ್ಲಿ ಅದು 'ಮತ್ತೊಮ್ಮೆ ತೆಗೆಯಮ್ಮ', ಗೊತ್ತು. ಆದರೆ ಎಷ್ಟು ಕಾಲ ಈ ಊರಿನ ನೀರು ಕುಡಿದರೂ ನನ್ನ ಕಿವಿಗೆ ಮಳ್ಳಿ ಅಂದರೆ ಏನೂ ತಿಳಿಯದ ಪೆದ್ದಿ. ಮತ್ತೊಮ್ಮೆ ತೆಗೆದಳು. ಈ ಸಲ ಹಲ್ಲು ಮೂಲಂಗಿಯಷ್ಟು ಉದ್ದ ಬಂದು ಬೇರಿನ ತುದಿ ಫಿಲ್ಮಿನಿಂದಲೇ ಆಚೆ ಹೋಗಿತ್ತು. ಮಳ್ಳೀ ತಿಯ್ಯಮ್ಮಾ. ಆಮೇಲಿನದರಲ್ಲಿ ಎಲ್ಲವೂ ಮಸುಕು. ಮಳ್ಳೀ ತಿಯ್ಯಮ್ಮಾ. ನನ್ನ ಬಾಯಿ ಒಣಗಿತು, ಒಸಡು ಉರಿಯಿತು, ತಲೆ ಕೆಟ್ಟುಹೋಯಿತು. ನನ್ನ ಬದುಕು ಒಂದು ಹಲ್ಲಿನ ಮೇಲೆ ನಿಂತಿದೆ, ಇವರಿಗೆ ಅದರ ಒಂದು ಫೋಟೊ ನೆಟ್ಟಗೆ ತೆಗೆಯಲು ಬರುವುದಿಲ್ಲ! ಕಲಿಯುವುದಕ್ಕೆ ನನ್ನ ಬಾಯಿಯೇ ಬೇಕಾಗಿತ್ತೆ? ಎದ್ದು ಕೂಗಾಡಬೇಕೆನಿಸಿತು. ಬಡವನ ಕೋಪ ದವಡೆಗೆ ಮೂಲ. ನನ್ನ ದವಡೆಯಾದರೋ ಆಗಲೇ ಅವರ ಕೈಯಲ್ಲಿತ್ತು. ಕೂಗಲಿಲ್ಲ, ಗೊಣಗಿದೆ.

"ಇಕಿ ಖರೇನ ಮಳ್ಳಿ ಅದಾಳ."

ಕೊಳವೆ ಹಿಡಿದಿದ್ದ ಹುಡುಗಿ ನಿಂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದೇ ಇತ್ತು. "ಮಳ್ಳಿ ಅಲ್ರೀ ಕಾಕಾ. ನಾ ರಾಯಚೂರಿನಾಕಿ" ಎಂದಳು.

ನನಗೆ ಭೂಮಿ ಬಾಯಿಬಿಡಬಾರದೆ ಅನಿಸಿತು. "ತಪ್ಪಾತವ್ವಾ. ಹಲ್ಲಿನ ಸಂಕಟದಾಗ ಬಾಯಿಗೆ ಬಂದದ್ದು ಅಂದೆ."

"ಇರ್ಲಿ ಬಿಡ್ರಿ. ಸರ್ ಹಂಗ ಅಂದಾಗೊಮ್ಮೆ ನನಗೂ ಬೈದಂಗ ಆಗ್ತೈತಿ." ಮೊಣಕೈಯಿಂದ ಕಣ್ಣೊರೆಸಿಕೊಂಡಳು, ಕೈಗೆ ಗ್ಲೌಸ್ ಇತ್ತು. "ಒಂದು ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಭಾಳ ಅಳ್ಳಾಡಾಕತ್ತೀರಿ."

"ನಾ ಎಲ್ಲವ್ವಾ ಅಳ್ಳಾಡ್ತೀನಿ? ಕಲ್ಲಿನಂಗ ಕುಂತೀನಿ."

"ಫಿಲ್ಮ್ ಇಡೂತನ ಕಲ್ಲಿನಂಗ ಇರ್ತೀರಿ. ಇಟ್ಟ ಕೂಡ್ಲೆ ಕೆಳಗಿನ ತುಟಿ ಒಳಗ ಜಗ್ಗಿಕೊಂತೀರಿ, ಗದ್ದ ಬಿಗಿ ಮಾಡ್ತೀರಿ, ತಲಿ ಮ್ಯಾಲ ಎತ್ತತೀರಿ. ನಾಲಿಗಿ ಬಂದು ಫಿಲ್ಮಿಗೆ ಬಡೀತೈತಿ. ಯಾಕ್ರೀ ಕಾಕಾ?"

ಅವಳು ಹೇಳಿದ ಮೇಲೆ ನಾನು ಮನಸ್ಸಿನಲ್ಲೇ ನನ್ನ ಬಾಯನ್ನು ನೋಡಿಕೊಂಡೆ. ಮೇಲಿನ ಹಲ್ಲಿಗೆ ಏನಾದರೂ ತಾಗಿದರೆ ಸಾಕು, ಕೆಳತುಟಿ ಕೆಳಗಿನ ಹಲ್ಲುಗಳ ಮೇಲೆ ಮಡಚಿಕೊಳ್ಳುತ್ತದೆ, ಗದ್ದ ಬಿಗಿಯುತ್ತದೆ, ನಾಲಿಗೆ ಸ್ವರ ಎತ್ತಲು ಮುಂದೆ ಬರುತ್ತದೆ. ನನ್ನನ್ನು ಕೇಳಿ ಮಾಡುವ ಕೆಲಸವಲ್ಲ ಅದು. ಅವಳು ಫಿಲ್ಮ್ ಇಟ್ಟಾಗೆಲ್ಲ ನನ್ನ ಬಾಯಿ ಕ್ಲಾರಿನೆಟ್ ಹಿಡಿಯುತ್ತಿತ್ತು.

"ನಾ ಬ್ಯಾಂಡಿನಾಂವ ಅವ್ವಾ. ಊದಾಂವ" ಎಂದೆ. ಈ ಹಲ್ಲು ಹೋದರೆ ನನ್ನ ಕೈಗೆ ಏನು ಬರುತ್ತದೆ ಎಂಬುದನ್ನೂ ಹೇಳಿದೆ. ಅವಳು ನಗಲಿಲ್ಲ. ಫಿಲ್ಮ್ ಕೈಗೆತ್ತಿಕೊಂಡು ಕೇಳಿದಳು. "ಮದುವಿ ಮುಗದ ಮ್ಯಾಲ ನಿಮಗ ಊಟ ಹಾಕ್ತಾರೇನ್ರಿ?"

"ಎಲ್ಲಾರದೂ ಆದ ಮ್ಯಾಲ ಹಾಕ್ತಾರ."

"ಹಂಗಾದ್ರ ಈಗ ಬಾರಿಸೂದು ಮುಗದೈತಿ. ವಾದ್ಯ ಪೆಟಗ್ಯಾಗ ಇಟ್ಟೀರಿ. ಪಂಕ್ತಿ ಎದ್ದೈತಿ, ನೀವು ಊಟಕ್ಕ ಕುಂತೀರಿ. ಇನ್ನೂ ಬಡಿಸಿಲ್ಲ, ಸುಮ್ನ ಕಾಯಾಕತ್ತೀರಿ."

ನಾನು ಕಣ್ಣು ಮುಚ್ಚಿ ಊಟಕ್ಕೆ ಕೂತೆ. ಕಾಲಿನ ಬೂಟು ಬಿಚ್ಚಿದೆ, ಟೋಪಿ ತೆಗೆದು ಪಕ್ಕಕ್ಕಿಟ್ಟೆ. ತುಟಿ ತಾನಾಗಿ ಸಡಿಲವಾಯಿತು. ಅವಳು ಫಿಲ್ಮ್ ಇಟ್ಟಿದ್ದೂ ತಿಳಿಯಿತು, ಹೊರಗೆ ಓಡಿದ್ದೂ ತಿಳಿಯಿತು, ಬಾಯಿ ಮಾತ್ರ ಬಡಿಸುವವನ ದಾರಿ ನೋಡುತ್ತ ಸುಮ್ಮನೆ ಇತ್ತು. ಸದ್ದಾಯಿತು.

ಅವಳು ಕತ್ತಲೆ ಕೋಣೆಯಲ್ಲಿದ್ದಾಗ ನನಗೆ ಹೊಸ ಭಯ ಹುಟ್ಟಿತು. ಅಲ್ಲಿಯವರೆಗೆ ಅವಳ ಮೇಲೆ ಸಿಡಿಮಿಡಿಗೊಂಡಿದ್ದೆ. ಈಗ ಅನಿಸಿತು, ಅರ್ಧ ಬಂದದ್ದು, ಮೂಲಂಗಿಯಾದದ್ದು, ಮಸುಕಾದದ್ದು, ಯಾವುದೂ ನನ್ನ ಹಲ್ಲು ಹೋಯಿತೆಂದು ಹೇಳಿರಲಿಲ್ಲವಲ್ಲ. ಆ ಫೋಟೊಗಳು ಕೆಟ್ಟಿರುವ ತನಕ ನಾನು ಕ್ಲಾರಿನೆಟ್ಟಿನವನೇ. ದೇವರೇ, ಇದೂ ಕೆಡಲಿ ಎಂದುಕೊಂಡೆ. ಮರುಕ್ಷಣವೇ ಕೆಡುವುದು ಬೇಡ, ತುದಿಯಲ್ಲಿ ಮುರಿದಿರಲಿ ಎಂದು ಬೇಡಿದೆ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಫಿಲ್ಮ್ ನೀರು ತೊಟ್ಟಿಕ್ಕುತ್ತ ಬಂತು. ಸರ್ ಅದನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಇಟ್ಟರು, ಕನ್ನಡಕ ಮೇಲೆ ಸರಿಸಿದರು, ಬಗ್ಗಿ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಉಳಿದ ಹುಡುಗರನ್ನೆಲ್ಲ ಕರೆದರು. "ಗಿಟ್ಲ ಉಂಡಾಲೆ!" ಹೀಗಿರಬೇಕು ಎಂದು. ಉದ್ದವೂ ಇಲ್ಲ, ಗಿಡ್ಡವೂ ಇಲ್ಲ, ಕಲೆಯಿಲ್ಲ, ಹಲ್ಲಿನ ಅಂಚಿನಿಂದ ಬೇರಿನ ತುದಿಯವರೆಗೆ ಎಲ್ಲ ಇದೆ, ನೋಡಿ ಕಲಿಯಿರಿ ಎಂದರು. ಹುಡುಗರು ಸುತ್ತ ಮುತ್ತಿಕೊಂಡು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು. ಯಾರೋ ಅವಳ ಬೆನ್ನು ತಟ್ಟಿದರು. ಅವಳ ಮುಖ ಅರಳಿತ್ತು. ಅವಳು ಅಷ್ಟು ಚೆನ್ನಾಗಿ ನಗುತ್ತಾಳೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅವರ ಭುಜಗಳ ನಡುವಿನಿಂದ ನನಗೂ ಕಂಡಿತು. ಓದಿದವನಲ್ಲ ನಾನು, ಆದರೆ ಅದನ್ನು ನೋಡಲು ಓದು ಬೇಕಾಗಿರಲಿಲ್ಲ. ಹಲ್ಲಿನ ಕುತ್ತಿಗೆಯಲ್ಲಿ, ಒಸಡಿನ ಪಕ್ಕದಲ್ಲೇ, ಈ ಕಡೆಯಿಂದ ಆ ಕಡೆಗೆ ಒಂದು ಕಪ್ಪು ಗೆರೆ. ಸರ್ ಪೆನ್ನಿನ ತುದಿಯಿಂದ ಅದನ್ನೇ ತೋರಿಸುತ್ತಿದ್ದರು. ಮುರಿದ ಗೆರೆ ಎಷ್ಟು ಸ್ಪಷ್ಟ ಬಂದಿದೆ ನೋಡಿ ಎಂದರು. ಆಮೇಲೆ ನಾನೊಬ್ಬ ಇದ್ದೇನೆಂದು ನೆನಪಾಗಿ, ನನ್ನ ಕಡೆ ತಿರುಗಿ ಮೆತ್ತಗೆ, "ನಿಕಾಲ್‌ನಾ ಪಡೇಗಾ" ಎಂದರು. ಕೀಳಬೇಕು.

ಹುಡುಗಿಯ ಮುಖದಲ್ಲಿ ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವಳು ನನ್ನ ಹತ್ತಿರ ಬಂದು, "ಕಾಕಾ" ಎಂದು ಅಷ್ಟಕ್ಕೇ ನಿಂತಳು. ನಾನು ಅವಳ ಕೋಟಿನ ತೋಳು ಹಿಡಿದುಕೊಂಡೆ.

"ಇದು ಭಾಳ ಚಂದ ಬಂದೈತಿ ಅವ್ವಾ. ಇದು ಬ್ಯಾಡ. ಇನ್ನೊಂದು ತೆಗಿ. ಈ ಸಲ ನಾನಽ ಅಳ್ಳಾಡ್ತೀನಿ."