ಕಸಿನ್ ಅಲ್ಲ, ಅತ್ತೆ ಮಗ

ಇಂಗ್ಲೆಂಡಿನ ಅರ್ಲ್‌ಗಳು, ಡ್ಯೂಕ್‌ಗಳು ಯಾರಿಗೆ ಹುಟ್ಟಿದರು, ಯಾರನ್ನು ಕಟ್ಟಿಕೊಂಡರು, ಹೊಟ್ಟೆಪಾಡಿಗೆ ಏನು ಮಾಡಿಕೊಂಡಿದ್ದರು ಎಂದು ಹುಡುಕುವುದೇ ನನ್ನ ಕೆಲಸ ಎಂದರೆ ದಾವಣಗೆರೆಯಲ್ಲಿ ಯಾರೂ ನಂಬುತ್ತಿರಲಿಲ್ಲ. "ಸ್ವೀಡನ್‌ಗೆ ಹೋಗಿ ಇಂಗ್ಲೆಂಡ್‌ನೋರ ಮನೆ ಪಂಚಾಯ್ತಿ ಯಾಕೆ ನಿಂಗೆ?" ಎಂದು ಅತ್ತೆ ಫೋನಿನಲ್ಲಿ ನಗುತ್ತಿದ್ದರು. ಪಂಚಾಯಿತಿಗೆ ಸಂಬಳ ಕೊಡುತ್ತಾರೆ ಎಂದರೆ ಇನ್ನೂ ನಗು.

ಗಂಡನ ವರ್ಕ್ ಪರ್ಮಿಟ್ಟಿನ ಬೆನ್ನಿಗೆ ಬಂದ ನನಗೆ ಸ್ಟಾಕ್‌ಹೋಮ್‌ನಲ್ಲಿ ಸಿಕ್ಕಿದ ಮೊದಲ ಕೆಲಸ ಅದು. ಸಣ್ಣ ಕಂಪನಿ. ಜನರಿಗೆ ಅವರವರ ವಂಶವೃಕ್ಷ ಕಟ್ಟಿಕೊಡುತ್ತಿತ್ತು. ಗಿರಾಕಿಗಳಲ್ಲಿ ಬಹಳ ಮಂದಿಗೆ ತಮ್ಮ ಮುತ್ತಜ್ಜನ ಮುತ್ತಜ್ಜ ಯಾವುದಾದರೂ ಇಂಗ್ಲಿಷ್ ದೊಡ್ಡ ಮನೆಯವನೇ ಆಗಿರಬೇಕೆಂಬ ಆಸೆ. ಆದ್ದರಿಂದ ಆ ದೊಡ್ಡ ಮನೆಗಳ ವಂಶಾವಳಿಯನ್ನೆಲ್ಲ ನಾವು ಮೊದಲೇ ಕಂಪ್ಯೂಟರಿನಲ್ಲಿ ಸರಿ ಮಾಡಿ ಇಟ್ಟುಕೊಳ್ಳಬೇಕಿತ್ತು. ಸ್ವಲ್ಪ ದಿನದಲ್ಲೇ ನನಗೆ ಅವರ ಕಥೆ ಬಾಯಿಪಾಠವಾಯಿತು. ಹಿರಿಯ ಮಗನಿಗೆ ಬಿರುದು, ಬಂಗಲೆ, ಜಮೀನು. ಎರಡನೆಯವನು ಸೈನ್ಯಕ್ಕೆ. ಮೂರನೆಯವನಿಗೆ ದೇವರ ಮೇಲೆ ಭಕ್ತಿ ಇರಲಿ ಬಿಡಲಿ, ಪಾದ್ರಿ ಕೆಲಸ. ಅವನ ಕೆಳಗಿನವನನ್ನು ಹಡಗು ಹತ್ತಿಸಿ ನಮ್ಮ ಕಡೆಗೆ ಸಾಗಹಾಕುತ್ತಿದ್ದರು. ಅವನು ಮದರಾಸಿನಲ್ಲೋ ಕಲ್ಕತ್ತೆಯಲ್ಲೋ ನಮ್ಮವರ ಮೇಲೆ ದರ್ಬಾರು ಮಾಡಿ, ಜ್ವರ ಬಂದು ಸಾಯುತ್ತಿದ್ದ. ಒಬ್ಬೊಬ್ಬನ ಹೆಸರಿನ ಮುಂದೆಯೂ ಅವನ ಹುದ್ದೆ ಬರೆಯಲು ಒಂದು ಜಾಗ ಇತ್ತು. ಅದು ಖಾಲಿ ಇದ್ದರೆ 'ಮಾಹಿತಿ ಅಪೂರ್ಣ' ಎಂದು ಹಾಕಿ ಮುಂದೆ ಹೋಗುತ್ತಿದ್ದೆ.

ಇನ್ನೊಂದು ಕೆಲಸವಿತ್ತು. ಗಂಡ ಹೆಂಡತಿ ಮೊದಲೇ ನೆಂಟರಾಗಿದ್ದರೆ ಆ ಮದುವೆಯ ಮೇಲೆ ಕೆಂಪು ಗುರುತು ಹಾಕಬೇಕು. ಇಲ್ಲದಿದ್ದರೆ ಒಬ್ಬನೇ ಅಜ್ಜ ಮರದಲ್ಲಿ ಎರಡು ಕಡೆ ಕೂತು ಲೆಕ್ಕ ತಪ್ಪುತ್ತದೆ. ಆ ಅರ್ಲ್‌ಗಳ ಮನೆಯಲ್ಲಿ ಇಂಥದ್ದಕ್ಕೆ ಬರವಿರಲಿಲ್ಲ. ಆಸ್ತಿ ಹೊರಗೆ ಹೋಗಬಾರದೆಂದು ಚಿಕ್ಕಪ್ಪನ ಮಗಳನ್ನೇ ಕಟ್ಟಿಕೊಳ್ಳುತ್ತಿದ್ದರು. ನನಗೆ ಹೇಸಿಗೆಯಾಗುತ್ತಿತ್ತು. ಚಿಕ್ಕಪ್ಪನ ಮಗಳೆಂದರೆ ತಂಗಿಯಲ್ಲವೇ? ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದೆ, "ಇವತ್ತೂ ಒಬ್ಬ ಅರ್ಲ್ ತಂಗೀನ ಮದ್ವೆ ಆಗ್ಬಿಟ್ಟ ಕಣೋ. ಇವ್ರು ಬಂದು ನಮ್ಗೆ ನಾಗರಿಕತೆ ಕಲಿಸಿದ್ರಂತೆ!"

ನನ್ನ ಕೆಲಸವನ್ನು ಪರಿಶೀಲಿಸುತ್ತಿದ್ದವರು ಪಕ್ಕದ ಮೇಜಿನ ಸ್ವೀಡಿಷ್ ಹೆಂಗಸು. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಸಮಾಧಾನದ ಮನುಷ್ಯೆ. ಒಂದು ದಿನ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತು, ಪರದೆಯ ಮೇಲೆ ಒಂದರ ಹಿಂದೆ ಒಂದು ಮದುವೆಯನ್ನು ತೋರಿಸಿದರು.

"ಇದು ಬಿಟ್ಟುಹೋಗಿದೆ. ಇದೂ ಬಿಟ್ಟುಹೋಗಿದೆ. ಇವರೆಲ್ಲ ಕಸಿನ್‌ಗಳಲ್ಲವೇ?"

ನಾನು ನೋಡಿದೆ. ಒಬ್ಬ ತಾಯಿಯ ತಮ್ಮನ ಮಗಳನ್ನು ಮದುವೆಯಾಗಿದ್ದ. ಇನ್ನೊಬ್ಬ ತಂದೆಯ ಅಕ್ಕನ ಮಗಳನ್ನು. ನನ್ನ ಕಣ್ಣಿಗೆ ಅದರಲ್ಲಿ ಯಾವ ದೋಷವೂ ಕಂಡಿರಲಿಲ್ಲ. ಸೋದರಮಾವನ ಮಗಳು, ಸರಿ. ಅತ್ತೆ ಮಗಳು, ಇನ್ನೂ ಸರಿ. ನೋಡುತ್ತಾ ನೋಡುತ್ತಾ ಪಾಸು ಮಾಡಿಬಿಟ್ಟಿದ್ದೆ. ಅವರು ಸಿಟ್ಟಾಗಲಿಲ್ಲ. ಅಣ್ಣ ತಮ್ಮಂದಿರ ಮಕ್ಕಳಾದರೇನು, ಅಕ್ಕ ತಮ್ಮನ ಮಕ್ಕಳಾದರೇನು, ಎರಡೂ ರಕ್ತಸಂಬಂಧವೇ ಎಂದು ಮೆಲ್ಲಗೆ ಹೇಳಿ, ಕಾಫಿ ತರಲು ಎದ್ದು ಹೋದರು.

ನಾನು ಹೆದರಿದ್ದು ಅರ್ಲ್‌ಗಳಿಗಾಗಿ ಅಲ್ಲ. ನನಗೆ ಆಗ ನಾಲ್ಕು ತಿಂಗಳು. ಇಲ್ಲಿ ಬಸುರಿಯರನ್ನು ಮೊದಲು ನೋಡುವುದು ಡಾಕ್ಟರಲ್ಲ, ಬಾರ್ನ್‌ಮೋರ್ಸ್ಕ ಎಂದು ಕರೆಯುವ ಸೂಲಗಿತ್ತಿ. ಮೊದಲ ಭೇಟಿಯಲ್ಲಿ ಆಕೆ ಇಂಗ್ಲಿಷಿನಲ್ಲಿ ಕೇಳಿದ್ದಳು: "ಮಗುವಿನ ತಂದೆ ನಿನಗೆ ನೆಂಟನೇ? ಕಸಿನ್ ಏನಾದರೂ?" ನಾನು ಛೇ ಛೇ ಎಂದು ನಕ್ಕುಬಿಟ್ಟಿದ್ದೆ. ಕಸಿನ್ ಎಂದರೆ ನನ್ನ ಕಿವಿಗೆ ಕಸಿನ್ ಬ್ರದರ್. ಪಂಚಮಿಗೆ ತವರಿಗೆ ಕರೆಯಲು ಬರುವ ಅಣ್ಣ. ಅವನನ್ನು ಯಾರಾದರೂ ಕಟ್ಟಿಕೊಳ್ಳುತ್ತಾರೆಯೇ? ಆಕೆಯೂ ನಕ್ಕು, 'ಇಲ್ಲ' ಎಂದು ಟೈಪ್ ಮಾಡಿಕೊಂಡಿದ್ದಳು.

ನನ್ನ ಗಂಡ ನನ್ನ ಅಪ್ಪನ ಅಕ್ಕನ ಮಗ.

ಅದಷ್ಟೇ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಗಂಡನ ಅಣ್ಣನಿಗೆ, ಅಂದರೆ ಚಿಕ್ಕಂದಿನಿಂದ ನಾನು ಭಾವ ಎಂದೇ ಕರೆದವರಿಗೆ, ಹುಟ್ಟಿನಿಂದ ಕಿವಿ ಕೇಳದು. ಮಾತೂ ಇಲ್ಲ. ದಾವಣಗೆರೆಯಲ್ಲಿ ಮದುವೆ ಕಾರ್ಡು ಮುದ್ರಿಸುವ ಅಂಗಡಿ ಅವರದು. ನಮ್ಮ ಕಾರ್ಡನ್ನೂ ಅವರೇ ಮುದ್ರಿಸಿದ್ದರು. ಅದರಲ್ಲಿ ವಧುವಿನ ತಂದೆ ಒಂದು ಬದಿಗೆ, ವರನ ತಾಯಿ ಇನ್ನೊಂದು ಬದಿಗೆ, ಅಕ್ಕ ತಮ್ಮ ಎದುರುಬದುರು ನಿಂತಿದ್ದರು. ಅದನ್ನು ನೋಡಿ ಮನೆಯವರೆಲ್ಲ ಎಷ್ಟು ಸಂತೋಷಪಟ್ಟಿದ್ದರು! ಭಾವನ ಕಿವಿಗೂ ನಮ್ಮ ನೆಂಟಸ್ತಿಕೆಗೂ ಏನಾದರೂ ಸಂಬಂಧ ಇರಬಹುದೆಂದು ಆ ದಿನ ಯಾರ ತಲೆಗೂ ಹೊಳೆಯಲಿಲ್ಲ.

ಆ ಸಂಜೆ ಗಂಡನಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನೇ ನೋಡಿದ.

"ಅವ್ರು ಕೇಳಿದ್ರು, ನೀನು ಹೇಳ್ದೆ, ಮುಗೀತಲ್ಲ. ಈಗ ಯಾಕೆ ಕೆದಕ್ತೀಯ? ಪರ್ಮಿಟ್ ರಿನೀವಲ್ ಬೇರೆ ಇದೆ."

"ಪರ್ಮಿಟ್‌ಗೂ ಇದಕ್ಕೂ ಏನೋ?"

"ನಂಗೊತ್ತಿಲ್ಲ. ಅದೇ ಭಯ. ಆಫೀಸಲ್ಲಿ ಫಿಕಾ ಟೈಮಲ್ಲಿ, ಎಲ್ರೂ ಕಾಫಿಗೆ ಕೂತಾಗ, ಇದೇ ಮಾತು. ಕಸಿನ್ ಮದ್ವೆ ಬ್ಯಾನ್ ಮಾಡ್ಬೇಕು ಅಂತ. ನಾನು ತಲೆ ತಗ್ಗಿಸ್ಕೊಂಡು ಕಾಫಿ ಕುಡ್ಕೊಂಡು ಬಂದೆ."

ಅವನು ಹೇಳಿದ್ದು ಸುಳ್ಳಲ್ಲ. ಟಿವಿಯಲ್ಲೂ ಆಗ ಅದೇ ಚರ್ಚೆ. ನನಗೆ ಅರ್ಥವಾಗುತ್ತಿದ್ದ ಅರೆಬರೆ ಸ್ವೀಡಿಷಿನಲ್ಲಿ 'ಕುಸೀನ್' ಎಂಬ ಪದವೊಂದೇ ಎದ್ದು ಕೇಳಿಸುತ್ತಿತ್ತು. ಆಗಿ ಹೋಗಿರುವ ಮದುವೆಗೆ ಏನಾಗುತ್ತದೆ, ಅಂಥ ಮನೆಯಲ್ಲಿ ಹುಟ್ಟುವ ಮಗುವನ್ನು ಹೇಗೆ ನೋಡುತ್ತಾರೆ, ನನಗೆ ಒಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಏನು ಬೇಕಾದರೂ ಆಗಬಹುದು ಅನ್ನಿಸುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾವು ಕ್ಷೇಮ. ಬಾಯಿ ಬಿಟ್ಟರೆ ಮಗುವಿಗೆ ಬೇಕಾದ ಪರೀಕ್ಷೆ ಆಗುತ್ತದೆ. ನಾನು ಅನ್ನ ತಿನ್ನುವಾಗಲೂ ಅದನ್ನೇ ತೂಗುತ್ತಿದ್ದೆ.

ಮುಂದಿನ ಭೇಟಿಯಲ್ಲಿ ಹೇಳಿಬಿಟ್ಟೆ. ಗಂಡನೂ ಜೊತೆಗೆ ಬಂದಿದ್ದ, ಮುಖ ಗಂಟು ಹಾಕಿಕೊಂಡೇ. ಸೂಲಗಿತ್ತಿ 'ಇಲ್ಲ' ಎಂಬುದನ್ನು ಅಳಿಸಿ 'ಹೌದು' ಎಂದು ತಿದ್ದಿದಳು. ಯಾವ ಪೊಲೀಸರೂ ಬರಲಿಲ್ಲ. ಫ್ಲೆಮಿಂಗ್ಸ್‌ಬೆರ್ಯ್‌ನ ದೊಡ್ಡ ಆಸ್ಪತ್ರೆಯಲ್ಲಿ ವಂಶದಿಂದ ಬರುವ ಕಾಯಿಲೆಗಳನ್ನು ನೋಡುವವರ ಬಳಿ ಹೋಗಬೇಕು ಎಂದಳು, ಅಷ್ಟೇ.

ಲೋಕಲ್ ರೈಲು ಹತ್ತಿ ಇಬ್ಬರೂ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಒಂದು ಹಾಳೆ ತೆಗೆದುಕೊಂಡು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆಯುತ್ತಾ ಹೋದರು. ನಾನು ದಿನವಿಡೀ ಮಾಡುವ ಕೆಲಸವೇ. ಆದರೆ ಈ ಸಲ ಹಾಳೆಯ ಮೇಲೆ ಇದ್ದವಳು ನಾನು. ನನ್ನನ್ನೂ ಗಂಡನನ್ನೂ ಸೇರಿಸುವ ಕಡೆ ಒಂದು ಗೆರೆಯ ಬದಲು ಜೋಡಿ ಗೆರೆ ಎಳೆದರು. ನೆಂಟರ ಮದುವೆಗೆ ಅವರ ಗುರುತು ಅದು.

"ಹಾಗಾದರೆ ನಿನ್ನ ಅತ್ತೆ ನಿನಗೆ ಫಾಸ್ಟೆರ್" ಎಂದರು. ತಂದೆಯ ಅಕ್ಕತಂಗಿಯರಿಗೆ ಸ್ವೀಡಿಷಿನಲ್ಲಿ ಬೇರೆಯದೇ ಪದವಿದೆ, ತಾಯಿಯ ಅಕ್ಕತಂಗಿಯರಿಗೆ ಬೇರೆ. ಇಂಗ್ಲಿಷಿನವರ ಹಾಗೆ ಎಲ್ಲರನ್ನೂ ಆಂಟಿ ಎಂದು ಒಂದೇ ಚೀಲಕ್ಕೆ ತುಂಬುವುದಿಲ್ಲ. ಇಲ್ಲಿಗೆ ಬಂದಮೇಲೆ ಮೊದಲ ಬಾರಿಗೆ ನನ್ನ ಮನೆಯನ್ನು ಯಾರೋ ಸರಿಯಾಗಿ ಅರ್ಥ ಮಾಡಿಕೊಂಡರು ಅನ್ನಿಸಿ ಕಣ್ಣು ತುಂಬಿತು.

"ಮದುವೆಗೆ ಮುಂಚೆ ಅವರನ್ನು ಏನೆಂದು ಕರೆಯುತ್ತಿದ್ದೆ?"

"ಅತ್ತೆ."

"ಈಗ?"

"ಅತ್ತೆ."

ಅವರು ನಕ್ಕರು. ಹಿಂದಿನ ತಲೆಮಾರಿನಲ್ಲಿ ಇಂಥದ್ದು ಬೇರೆ ಇದೆಯೇ ಎಂದು ಕೇಳಿದರು. ನಾನು ಗಂಡನ ಮುಖ ನೋಡಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ. ನಮ್ಮಿಬ್ಬರಿಗೂ ಒಬ್ಬರೇ ಅಜ್ಜ. ಅಜ್ಜ ಮದುವೆಯಾದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಅದನ್ನು ಹೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲೂ ಹೀಗೇ, ಮೂರು ತಲೆಮಾರು ಕಸಿನ್‌ಗಳನ್ನೇ ಮದುವೆಯಾದ ಅರ್ಲ್‌ಗಳಿದ್ದಾರೆ, ಅವರ ಮಕ್ಕಳು ಬಿಷಪ್ ಆದರು, ಕರ್ನಲ್ ಆದರು, ಗವರ್ನರ್ ಆದರು ಎಂದು ಒಂದೇ ಉಸಿರಿನಲ್ಲಿ ಒದರಿದೆ. ಯಾವ ಅರ್ಲ್ ನನ್ನ ಸಾಕ್ಷಿಗೆ ಬರುತ್ತಾನೆ ಎಂದುಕೊಂಡಿದ್ದೆನೋ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, ಹೌದು ಎಂದು, ಅಜ್ಜ ಅಜ್ಜಿಯ ನಡುವೆ ಇನ್ನೊಂದು ಜೋಡಿ ಗೆರೆ ಎಳೆದರು.

ಭಾವನ ಕಿವಿಯ ವಿಷಯವನ್ನೂ ಕೇಳಿ ಬರೆದುಕೊಂಡು, ಅವರ ರಕ್ತ ಪರೀಕ್ಷೆಯಾದರೆ ನಮ್ಮಿಬ್ಬರಲ್ಲಿ ಏನು ಹುಡುಕಬೇಕೆಂದು ತಿಳಿಯುತ್ತದೆ ಎಂದರು. ಅದನ್ನು ಭಾವನಿಗೆ ಹೇಳುವುದು ಹೇಗೆ? ಮಗು ನಿಮ್ಮ ಹಾಗೆ ಆಗುತ್ತದೋ ಎಂದು ಭಯ, ಅದಕ್ಕೆ ನಿಮ್ಮ ರಕ್ತ ಕೊಡಿ ಎನ್ನುವುದೇ? ಗಂಡ ಅತ್ತೆಗೆ ಹೇಳಿದ, ಅತ್ತೆ ಕೈಸನ್ನೆಯಲ್ಲಿ ಅವರಿಗೆ ಹೇಳಿದರು. ಏನೆಂದು ಹೇಳಿದರೋ ನಾನು ಕೇಳಲಿಲ್ಲ. ಭಾವ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು, ತೋಳಿನ ಹತ್ತಿಯನ್ನು ತೋರಿಸುತ್ತಾ ಹೆಬ್ಬೆರಳು ಎತ್ತಿದ ಫೋಟೋ ಕಳಿಸಿದರು. ಮುಖದ ತುಂಬಾ ನಗು. ಆ ಫೋಟೋವನ್ನು ನನಗೆ ಎರಡನೇ ಸಲ ನೋಡಲಾಗಲಿಲ್ಲ.

ಅವರ ಕಿವಿ ಕೆಡಿಸಿದ ಜೀನ್ ಜೋಡಿಯಲ್ಲಿ ಒಂದೊಂದು ನಮ್ಮಿಬ್ಬರಲ್ಲೂ ಇತ್ತು. ಮಗುವಿಗೆ ಕಿವಿ ಕೇಳದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಬಹುದು, ಬೇಕೇ ಎಂದು ಡಾಕ್ಟರಮ್ಮ ಕೇಳಿದರು. ವಾಪಸು ಬರುವಾಗ ರೈಲಿನಲ್ಲಿ ಗಂಡ ಹೇಳಿದ, "ಗೊತ್ತಾದ್ರೆ ಏನ್ ಮಾಡ್ತೀವಿ? ಅಣ್ಣನಂಗಿದ್ರೆ ಬೇಡ ಅಂತೀವಾ?" ನಾವು ಪರೀಕ್ಷೆ ಮಾಡಿಸಲಿಲ್ಲ. ಆದರೆ ಧೈರ್ಯ ಬಂತೆಂದಲ್ಲ. ಸ್ನಾನ ಮಾಡುವಾಗ, ಅಡುಗೆ ಮಾಡುವಾಗ, ಕಂಡ ದೇವರಿಗೆಲ್ಲ ನನ್ನದು ಒಂದೇ ಬೇಡಿಕೆ. ಕಿವಿ ಕೇಳಲಿ.

ಆಫೀಸಿನಲ್ಲಿ ಕೆಲಸ ನಿಧಾನವಾಯಿತು. ಒಂದು ಅರ್ಲ್ ಮನೆಯಲ್ಲಿ ಐದು ಗಂಡುಮಕ್ಕಳು. ನಾಲ್ವರ ಹೆಸರಿನ ಮುಂದೆ ಹುದ್ದೆಗಳ ಸಾಲು ಸಾಲು. ಐದನೆಯವನಿಗೆ ಹುಟ್ಟು, ಸಾವು, 'ಅವಿವಾಹಿತ', ಅಷ್ಟೇ. ಮುದುಕನಾಗುವ ತನಕ ಬದುಕಿದ್ದಾನೆ, ಏನು ಮಾಡುತ್ತಿದ್ದನೆಂದು ಒಬ್ಬರೂ ಬರೆದಿಲ್ಲ. ಹಿಂದೆ ಇಂಥವರನ್ನು ಎಷ್ಟೋ ಜನರನ್ನು ದಾಟಿ ಹೋಗಿದ್ದೆ. ಅವನಿಗೂ ಕಿವಿ ಕೇಳುತ್ತಿರಲಿಲ್ಲವೋ, ಅಥವಾ ಬರೀ ಸೋಮಾರಿಯೋ, ನನಗೇನು ಗೊತ್ತು? ಆದರೂ ಅವನನ್ನು ದಾಟಿ ಮುಂದಿನ ಮನೆಗೆ ಹೋಗಲು ಕೈ ಬರುತ್ತಿರಲಿಲ್ಲ. ನನ್ನ ಮಗುವಿನ ಹೆಸರಿನ ಮುಂದೆ ಏನು ಬರೆಯುತ್ತಾರೆ ಎಂದು ಯೋಚಿಸುತ್ತಾ ಕೂತುಬಿಡುತ್ತಿದ್ದೆ. ಭಾವನ ಹೆಸರಿನ ಮುಂದೆ ಏನಿರಬೇಕು ಎಂದು ಮಾತ್ರ ಒಮ್ಮೆಯೂ ಯೋಚಿಸಲಿಲ್ಲ.

ಹಿಮ ಕರಗುವ ಹೊತ್ತಿಗೆ ಮಗಳು ಹುಟ್ಟಿದಳು. ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯಲ್ಲಿ ಕಿವಿಗೆ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ನೋಡಿದರು. ಎರಡೂ ಕಿವಿಯಲ್ಲಿ ಉತ್ತರ ಸರಿಯಾಗಿ ಬರಲಿಲ್ಲ. ಹಸುಗೂಸುಗಳ ಕಿವಿಯಲ್ಲಿ ನೀರು ನಿಂತಿರುತ್ತದೆ, ಹೆದರಬೇಡಿ, ಮುಂದಿನ ವಾರ ಬನ್ನಿ ಎಂದರು. ಹೆದರಬೇಡಿ ಎನ್ನುವುದು ಸುಲಭ. ಮನೆಗೆ ಬಂದು ನಾನು ಸ್ಟೀಲ್ ತಟ್ಟೆ ಬಡಿದೆ, ಚಮಚ ಬೀಳಿಸಿದೆ, ಬಾಗಿಲು ದಡಾರನೆ ಹಾಕಿದೆ. ಒಂದು ಸಲ ಕಣ್ಣು ಮಿಟುಕಿಸಿದ ಹಾಗೆ ಕಾಣುತ್ತಿತ್ತು, ಇನ್ನೊಂದು ಸಲ ಇಲ್ಲ. "ಸಾಕು ಮಾಡೇ, ಕೆಳಗಿನ ಮನೆಯೋರು ಕಂಪ್ಲೇಂಟ್ ಕೊಡ್ತಾರೆ" ಎಂದು ಗಂಡ ಬೈದ. ಬೈದವನೇ ಬಚ್ಚಲಿನಲ್ಲಿ ಹೋಗಿ ಅತ್ತು ಬಂದ.

ಅದೇ ಮಧ್ಯಾಹ್ನ ಅತ್ತೆಯ ವಿಡಿಯೋ ಕಾಲ್ ಬಂತು. ಅವರ ಭುಜದ ಹಿಂದೆ ಭಾವ. ಗಂಡ ಪರೀಕ್ಷೆಯ ವಿಷಯ ಹೇಳಿದ. ಅತ್ತೆ ತಿರುಗಿ ಕೈಸನ್ನೆಯಲ್ಲಿ ಭಾವನಿಗೆ ಹೇಳಿದರು. ಭಾವ ಅತ್ತೆಯ ಕೈಯಿಂದ ಫೋನ್ ತೆಗೆದು ಮೇಜಿನ ಮೇಲೆ ಒರಗಿಸಿ, ಮಗುವನ್ನು ಹತ್ತಿರ ಹಿಡಿಯುವಂತೆ ನನಗೆ ಸನ್ನೆ ಮಾಡಿ, ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು.

ಮಗಳು ಬೆಚ್ಚಿಬಿದ್ದಳು. ಎರಡೂ ಕೈ ಚೆಲ್ಲಿ, ಮುಖ ಕೆಂಪಗೆ ಮಾಡಿಕೊಂಡು ಅತ್ತಳು. ಅವಳು ಸುಮ್ಮನಾಗುವ ತನಕ ಕಾದು ಭಾವ ಇನ್ನೊಮ್ಮೆ ತಟ್ಟಿದರು. ಇನ್ನೊಮ್ಮೆ ಬೆಚ್ಚಿದಳು. ಮುಂದಿನ ವಾರ ಆಸ್ಪತ್ರೆಯ ಯಂತ್ರ ಹೇಳಿದ್ದೂ ಅದನ್ನೇ, ಆದರೆ ನನಗೆ ಗೊತ್ತಾದದ್ದು ಆ ಮಧ್ಯಾಹ್ನ. ಗಂಡ ನನ್ನ ಭುಜ ಹಿಡಿದು ನಗುತ್ತಿದ್ದ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಭಾವ ಮಗುವನ್ನು ನೋಡುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನಮ್ಮ ಮುಖಗಳನ್ನು.

ಕೇಳಿಸಿತೇ ಎಂದು ಕಿವಿ ಮುಟ್ಟಿ ಕೇಳಿದರು. ಗಂಡ ಹೌದೆಂದು ತಲೆಯಾಡಿಸಿದ. ಭಾವ ಗೋಡೆಯ ಮೇಲಿದ್ದ ದೇವರ ಫೋಟೋದ ಕಡೆ ತಿರುಗಿ, ಎರಡೂ ಕೈ ಹಣೆಗೆ ಹಚ್ಚಿ, ಬಹಳ ಹೊತ್ತು ಹಾಗೇ ನಿಂತರು.

"ನೀನು ಬಸುರಿ ಅಂತ ಗೊತ್ತಾದಾಗ್ಲಿಂದ ದುಗ್ಗಮ್ಮಂಗೆ ಹರಕೆ ಹೊತ್ಕಂಡಿದ್ದ ಕಣೇ" ಎಂದರು ಅತ್ತೆ. "ಮಗು ತನ್ನಂಗೆ ಆಗ್ಬಾರ್ದು ಅಂತ."

ಸೂಲಗಿತ್ತಿಗೆ ನಾನು ಬಾಯಿ ಬಿಡುವುದಕ್ಕೂ ಮುಂಚೆ, ಯಾವ ಡಾಕ್ಟರೂ ಜೋಡಿ ಗೆರೆ ಎಳೆಯುವುದಕ್ಕೂ ಮುಂಚೆ, ಅವರಿಗೆ ಎಲ್ಲ ಗೊತ್ತಿತ್ತು. ನಾನು ಬೇಡಿಕೊಂಡದ್ದನ್ನೇ ಅವರೂ ಬೇಡಿಕೊಂಡಿದ್ದರು. ಅದು ಗೊತ್ತಾದಾಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಭಾವ ಈ ಕಡೆ ತಿರುಗಿ, ನಾನು ಇನ್ನೂ ಅಳುವುದನ್ನು ಕಂಡು, ಯಾಕೆ ಎಂದು ಕೈಯಾಡಿಸಿ ಕೇಳಿದರು. ಮಗುವನ್ನು ಎತ್ತಿ ಅವರಿಗೆ ಕಾಣುವ ಹಾಗೆ ಫೋನಿನ ಮುಂದೆ ಹಿಡಿದೆ. ಅವರು ನಕ್ಕು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು, ಈ ಸಲ ಮೆಲ್ಲಗೆ.