ಕ್ರಿಯಾಪದಗಳ ಮಗ್ಗಿ

ಹೋದ ಗುರುವಾರ ನಾನು ನನ್ನ ಗೆಳೆಯನ ನೌಕರಿ ಕಳೆದೆ. ಜಗಳವಾಡಿ ಅಲ್ಲ, ಚಾಡಿ ಹೇಳಿ ಅಲ್ಲ. ಪಾಠ ಹೇಳಿ.

ಗೆಳೆಯ ಶರಣಪ್ಪ ಕಮಲಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ. ನಾನು ಕಲಬುರಗಿಯಲ್ಲಿ ಮಾಸ್ತರ. ಸಮುದ್ರದಾಚೆ, ಸ್ಪ್ಯಾನಿಷ್ ಮಾತಾಡುವ ಬಂದರಿನಲ್ಲಿ ರೇಷ್ಮೆ ಅಂಗಡಿ ಇಟ್ಟಿರುವ ಸಿಂಧಿ ಸೇಠರೊಬ್ಬರಿಗೆ ಗುಮಾಸ್ತ ಬೇಕಾಗಿತ್ತು. ಆ ಭಾಷೆ ಅಷ್ಟಿಷ್ಟು ಬಂದರೆ ಸಾಕು ಅಂದಿದ್ದರು. "ರಾಜೀನಾಮೆ ಕೊಟ್ಟು ಬಾ, ನಾ ತಯಾರ ಮಾಡ್ತೀನಿ" ಎಂದವನು ನಾನೇ. (ನನಗೇನು ಸ್ಪ್ಯಾನಿಷ್ ಬರುತ್ತಿತ್ತೇ? ನಮ್ಮೂರ ಜಗತ್ ಬಜಾರಿನಲ್ಲಿ ಕೊಂಡ ಹಳೆಯ ಗ್ರಾಮರ್ ಪುಸ್ತಕವೊಂದಿತ್ತು, ಭಂಡ ಧೈರ್ಯವಿತ್ತು.)

ಆ ಭಾಷೆಯ ಕ್ರಿಯಾಪದಗಳನ್ನು ತುಂಡು ತುಂಡಾಗಿ ಒಡೆದು, ಒಂದು ತುಂಡನ್ನು ಒತ್ತಿ ಹೇಳಬೇಕು. 'ಹಾ-ಬ್ಲೊ': ಮೊದಲ ತುಂಡು ಒತ್ತಿದರೆ ನಾನು ಮಾತಾಡುತ್ತೇನೆ, ಕೊನೆಯದನ್ನು ಒತ್ತಿದರೆ ಅವನು ಮಾತಾಡಿದ. 'ತ್ರಾ-ಬಾ-ಹಾ-ಮೋಸ್', ಅಂದರೆ ನಾವು ದುಡಿಯುತ್ತೇವೆ: ಇಲ್ಲಿ ಭಾರ 'ಹಾ' ಮೇಲೆ. ಪುಸ್ತಕ ಇಷ್ಟು ಹೇಳಿತ್ತು. ಹೇಗೆ ಕಲಿಯಬೇಕೆಂದು ಹೇಳಿರಲಿಲ್ಲ.

ನಮಗೆ ಗೊತ್ತಿರುವುದು ಒಂದೇ ದಾರಿ ತಾನೆ? ಮಗ್ಗಿ. ನಾನು ಬೆತ್ತದಿಂದ ಮೇಜು ಕುಟ್ಟುತ್ತಿದ್ದೆ, ಅವನು ರಾಗ ಎಳೆದು ಒಪ್ಪಿಸುತ್ತಿದ್ದ. ಎರಡು ತಿಂಗಳಲ್ಲಿ ಅರವತ್ತು ಕ್ರಿಯಾಪದ ಬಾಯಿಪಾಠ. ರಾಗದಲ್ಲಿ ಎಲ್ಲ ತುಂಡಿಗೂ ಒಂದೇ ಭಾರ ಬೀಳುತ್ತಿದೆಯೆಂದು ನನಗೆ ಹೊಳೆಯಲೇ ಇಲ್ಲ.

ಗುರುವಾರ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಇಂಟರ್ವ್ಯೂ. ಸೇಠರು ಕೇಳಿದ್ದು ಸುಲಭ: 'ನಾವು ಮಾರುತ್ತೇವೆ' ಎಂಬುದನ್ನು ಸ್ಪ್ಯಾನಿಷಿನಲ್ಲಿ ಹೇಳು. ಆ ಪದ ನಮ್ಮ ಪಟ್ಟಿಯಲ್ಲಿ ನಲವತ್ತೊಂದನೆಯದು. ಶರಣಪ್ಪ ಕಣ್ಣು ಮುಚ್ಚಿ ಒಂದನೆಯದರಿಂದ ಶುರು ಮಾಡಿದ. ಸೇಠರು ತಡೆದರು. ಅವನು ಮತ್ತೆ ಒಂದನೆಯದರಿಂದ ಶುರು ಮಾಡಿದ.

"ಬರ್ತದ್ರೀ ಸೇಠಜಿ, ಖರೇನ ಬರ್ತದ. ನಡುವ ನಿಲ್ಲಿಸಿದ್ರ ತಪ್ತದ್ರೀ."

"ಗಿರಾಕಿ ಅಲ್ಲೀತನಕ ನಿಲ್ತಾನ ಕ್ಯಾ, ಮಾಸ್ಟರ್?" ಸೇಠರ ದನಿ ಮೆತ್ತಗೇ ಇತ್ತು. "ಔರ್, ಹಿಂಗ ಹಾಡಿದ್ರ ಅಲ್ಲಿ ಯಾರಿಗೂ ತಿಳಿಯಂಗಿಲ್ಲ."

ಅಷ್ಟೇ. ಮುಗಿಯಿತು.

ಕಮಲಾಪುರದ ಶಾಲೆಗೆ ಆಗಲೇ ಹೊಸ ಮಾಸ್ತರರು ಬಂದಿದ್ದಾರೆ. ಹೊರಡುವಾಗ ಶರಣಪ್ಪ ನನ್ನನ್ನು ಬೈಯಲಿಲ್ಲ. "ನೀ ಭಾಳ ಛಲೋ ಕಲಿಸಿದಿ. ನನ್ನ ತಲಿಗೇ ಹತ್ತಲಿಲ್ಲ ನೋಡು" ಅಂದ. ಕೆನ್ನೆಗೆ ಬಾರಿಸಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನ ನನ್ನ ಕ್ಲಾಸಿನ ಮಕ್ಕಳು ಎಂದಿನಂತೆ ರಾಗ ಎಳೆದು ಒಪ್ಪಿಸುತ್ತಿದ್ದರು. ಇನ್‌ಸ್ಪೆಕ್ಟರ್ ಸಾಹೇಬರು ಬಂದರು, ಕೇಳಿದರು, ನನಗೆ ಶಹಬ್ಬಾಸ್ ಹೇಳಿ ಹೋದರು. ನೀವೇ ಹೇಳಿ, ಕೆಟ್ಟದಾಗಿ ಕಲಿಸಿದವನನ್ನು ಬಿಟ್ಟು ಚೆನ್ನಾಗಿ ಕಲಿತವನ ನೌಕರಿಯೇ ಯಾಕೆ ಹೋಗುತ್ತದೆ?