ಸೀಟಿಯಕ್ಕ ಸೀಟಿ ಕೊಟ್ಟುಬಂದದ್ದು

ನಮ್ಮ ಬಸ್ ಡಿಪೋದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಸೀಟಿಯಕ್ಕ. ಕಂಡಕ್ಟರ್ ಕೆಲಸಕ್ಕೆ ನಾವಿಬ್ಬರೂ ಒಟ್ಟಿಗೆ ಸೇರಿದವರು. ನಾನು ಸೀಟಿ ಊದಿದರೆ ಡ್ರೈವರಿಗೇ ಕೇಳಿಸುತ್ತಿರಲಿಲ್ಲ; ಆಕೆ ಊದಿದರೆ ಮುಂದಿನ ನಿಲ್ದಾಣದವರು ಚಿಲ್ಲರೆ ತೆಗೆದು ನಿಲ್ಲುತ್ತಿದ್ದರು. ಆಕೆಯ ಬಸ್ಸಿನ ಡ್ರೈವರ್ ಆಕೆಯ ಗಂಡನೇ. ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತೋ ಕಾಣೆ, ಬಸ್ಸಿನಲ್ಲಿ ಮಾತ್ರ ಅವಳು ಊದದೆ ಚಕ್ರ ತಿರುಗುತ್ತಿರಲಿಲ್ಲ.

ಅವರ ಕೊನೆಯ ನಿಲ್ದಾಣ ಒಂದು ಇಕ್ಕಟ್ಟಾದ ಗಲ್ಲಿ. ಒಂದು ಕಡೆ ಶಾಲೆಯ ಗೋಡೆ, ಇನ್ನೊಂದು ಕಡೆ ತೆರೆದ ಚರಂಡಿ. ಬಸ್ಸನ್ನು ಹಿಂದಕ್ಕೇ ತೆಗೆದು ಹೊರಗೆ ತರಬೇಕು, ಡ್ರೈವರಿಗೆ ಹಿಂದಿನದು ಕಾಣುವುದಿಲ್ಲ. ಸೀಟಿಯಕ್ಕ ಇಳಿದು, ಹಿಂದೆ ನಿಂತು ಊದುತ್ತಾ ಹೋಗುವಳು, ಅವನು ಸಲೀಸಾಗಿ ಬರುವನು. "ಅವಳ ಸೀಟಿ ಇದ್ರೆ ಕಣ್ಮುಚ್ಕೊಂಡು ಹಿಂದಕ್ಕೆ ಬರ್ತೀನಿ" ಎಂದು ಕ್ಯಾಂಟೀನಿನಲ್ಲಿ ಮೀಸೆ ತಿರುವಿ ಹೇಳುತ್ತಿದ್ದ. ಅದನ್ನು ಕೇಳಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಗುವಾಗಲಿಲ್ಲ. ಶುರುವಾಯಿತು ನೋಡಿ ಬಿಟ್ಟಿ ವೈದ್ಯರ ಕಾಟ. ಒಬ್ಬಳು ಚಿಂತೆ ಬಿಟ್ಟರೆ ಗರ್ಭ ತಾನಾಗಿಯೇ ನಿಲ್ಲುತ್ತೆ ಎಂದಳು. ಇನ್ನೊಬ್ಬಳು ಉಷ್ಣದ ಪದಾರ್ಥ ಬಿಡು ಎಂದಳು. ಅತ್ತೆ ಹೇಳಿದ್ದಕ್ಕೆ ಈಕೆ ಕಾಲು ಮೇಲೆತ್ತಿ ಗೋಡೆಗೆ ಕೊಟ್ಟು ಮಲಗಿ ಮಲಗಿ, ಸುಣ್ಣದ ಮೇಲೆ ಹಿಮ್ಮಡಿಯ ಗುರುತೇ ಬಿದ್ದಿತ್ತು. ನೋಡಿದಾಗ ನಗು ಬರಬೇಕಿತ್ತು, ಬರಲಿಲ್ಲ.

ಕೊನೆಗೆ ಅತ್ತೆಯೇ ಕಾರಣ ಕಂಡುಹಿಡಿದರು. "ದಿನವಿಡೀ ಬಸ್ಸಲ್ಲಿ ನಿಂತು ಕುಲುಕಾಡಿದ್ರೆ ಹೊಟ್ಟೇಲಿ ಏನು ನಿಲ್ಲುತ್ತೆ? ನನ್ನ ಮಗನಿಗೇನಾಗಿದೆ, ಕಲ್ಲುಗುಂಡಿನ ಹಾಗಿದ್ದಾನೆ. ಅವರಪ್ಪನಿಗೆ ಏಳು ಮಕ್ಕಳು!"

ಬಸ್ಸು ಕುಲುಕಿದರೆ ಡ್ರೈವರೂ ಕುಲುಕುತ್ತಾನಲ್ಲ ಎಂದು ಕೇಳುವವರಿರಲಿಲ್ಲ. ಗಂಡ ತುಟಿ ಪಿಟಕ್ಕೆನ್ನಲಿಲ್ಲ. ಸೀಟಿಯಕ್ಕ ಚೀಲ, ಸೀಟಿ ಎರಡನ್ನೂ ಡಿಪೋ ಸಾಹೇಬರ ಮೇಜಿನ ಮೇಲಿಟ್ಟು ಬಂದಳು. ಒಮ್ಮೆ ಬಿಟ್ಟರೆ ಮತ್ತೆ ಸಿಗುವ ಕೆಲಸವಲ್ಲ ಅದು. "ಮಗು ಬಂದ್ರೆ ಇದೆಲ್ಲ ಮರೆತುಹೋಗುತ್ತೆ ಬಿಡೇ" ಎಂದು ನನಗೇ ಸಮಾಧಾನ ಹೇಳಿದಳು.

ಗಂಡ ಸುಧಾರಿಸಿದ್ದಾನೆಂಬ ಹೆಮ್ಮೆ ಬೇರೆ ಅವಳಿಗೆ. ಅವಳು ಕೆಲಸ ಬಿಡುವ ಮೊದಲೇ ಅವನು ಸಿಗರೇಟು ಬಿಟ್ಟಿದ್ದ. ಬಿಗಿ ಪ್ಯಾಂಟಿನ ಶೋಕಿ ಬಿಟ್ಟು ದೊಗಳೆ ಪ್ಯಾಂಟು ಹೊಲಿಸಿದ್ದ. ಹಬೆಯಾಡುವ ನೀರಿಲ್ಲದೆ ಸ್ನಾನವೇ ಮಾಡದವನು ಚಳಿಯಲ್ಲೂ ತಣ್ಣೀರು ಸುರಿದುಕೊಳ್ಳುತ್ತಿದ್ದ. ಕೊನೆಯ ನಿಲ್ದಾಣ ಬಂತೆಂದರೆ ಎಂಜಿನ್ ಪಕ್ಕದ ಸೀಟಿನಿಂದ ಧುಮುಕಿ ಬಸ್ಸಿನ ಸುತ್ತ ಅಡ್ಡಾಡುತ್ತಿದ್ದ. ಪಹರೆಯವನೆಂದು ನಾವು ರೇಗಿಸುತ್ತಿದ್ದೆವು. "ನಮ್ಮೆಜಮಾನ್ರು ಈಗ ಚಿನ್ನ ಕಣೇ" ಎಂದು ಇವಳು ಹಿಗ್ಗುತ್ತಿದ್ದಳು.

ಮನೆಯಲ್ಲಿ ಕೂತು ವರ್ಷ ಕಳೆದರೂ ಏನೂ ಆಗಲಿಲ್ಲ. ಕುಲುಕಾಟ ನಿಂತಿತ್ತು, ಅತ್ತೆಯ ಬಾಯಿ ನಿಲ್ಲಲಿಲ್ಲ. ನನಗೆ ರೇಗಿಹೋಗಿ ಅವಳನ್ನು ಡಾಕ್ಟರಮ್ಮನ ಹತ್ತಿರ ಎಳೆದುಕೊಂಡೇ ಹೋದೆ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನಕ್ಕರು. "ಕುಲುಕಾಟಕ್ಕೂ ಇದಕ್ಕೂ ಸಂಬಂಧವಿಲ್ಲಮ್ಮ. ಗೋಡೆಗೆ ಕಾಲು ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ. ನಿಮ್ಮಲ್ಲಿ ನನಗೇನೂ ತೊಂದರೆ ಕಾಣ್ತಿಲ್ಲ. ನಿಮ್ಮ ಯಜಮಾನರನ್ನ ಒಮ್ಮೆ ಕಳಿಸಿ."

"ಅವರು ಗಟ್ಟಿಮುಟ್ಟಾಗಿದಾರೆ ಡಾಕ್ಟ್ರೇ."

"ಮೀಸೆ ನೋಡಿ, ತೋಳು ನೋಡಿ ಹೇಳೋ ವಿಷಯ ಅಲ್ಲ ಇದು. ಎಷ್ಟೋ ಸಲ ಗಂಡಸರ ಕಡೆಯಿಂದಲೂ ತೊಂದರೆ ಇರುತ್ತೆ. ಡ್ರೈವರ್ ಅಂದ್ರಲ್ಲ, ಶಾಖ ಅವರಿಗೆ ಒಳ್ಳೇದಲ್ಲ. ಪರೀಕ್ಷೆ ಆಗೋವರೆಗೆ ಸಿಗರೇಟು ಬೇಡ. ಬಿಗಿಯಾದ ಪ್ಯಾಂಟು ಬೇಡ. ಸ್ನಾನಕ್ಕೆ ತೀರಾ ಬಿಸಿನೀರು ಬೇಡ. ಎಂಜಿನ್ ಪಕ್ಕ ಒಂದೇ ಸಮ ಕೂರದೆ ಇಳಿದು ಓಡಾಡಲಿ."

ಸೀಟಿಯಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹೊರಗೆ ಬಂದಾಗ ಕೇಳಿದಳು: "ಇದೆಲ್ಲ ಅವರು ಆಗ್ಲೇ ಮಾಡ್ತಿದಾರಲ್ಲೇ. ಅವರಿಗೆ ಯಾರು ಹೇಳಿದ್ರು?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ತನಗೇ ಜ್ವರವೆಂದು ಎತ್ತಿಗೆ ಗೊತ್ತಿತ್ತು, ಬರೆ ಹಾಕುವಾಗ ಸುಮ್ಮನೆ ನಿಂತು ನೋಡಿತ್ತು.

ಅವಳೊಬ್ಬಳನ್ನೇ ಮನೆಗೆ ಕಳಿಸಲು ಮನಸ್ಸಾಗದೆ ಜೊತೆಗೆ ಹೋದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ನೀರು ಕಾಯಿಸಿದಳು. ಸಂಜೆ ಗಂಡ ಡ್ಯೂಟಿ ಮುಗಿಸಿ ಬಂದಾಗ ಹಬೆಯಾಡುವ ಬಕೆಟ್ಟನ್ನು ಬಚ್ಚಲಿನ ಬಾಗಿಲಿಗೆ ತಂದಿಟ್ಟಳು. "ದಣಿದು ಬಂದಿದೀರ, ಸ್ನಾನ ಮಾಡಿ."

"ಬೇಡ, ತಣ್ಣೀರೇ ಸಾಕು."

"ಯಾಕೆ ಬೇಡ?"

"ಪಾಪ, ಕಾಯಿಸಿಟ್ಟಿದಾಳೆ, ಮಾಡೋ" ಎಂದರು ಅತ್ತೆ. ಅವರಿಗೂ ಗೊತ್ತಿರಲಿಲ್ಲ. ಅವನು ಬಕೆಟ್ಟು ನೋಡಿದ, ಹೆಂಡತಿಯ ಮುಖ ನೋಡಿದ, ಒಂದು ಹೆಜ್ಜೆ ಹಿಂದಕ್ಕೆ ಹೋದ.

"ನಾನು ಕೆಲಸ ಬಿಟ್ಟು ಬಂದಾಗ ನಿಮಗೆ ಗೊತ್ತಿತ್ತಾ?"

ಅವನು ಬಕೆಟ್ಟಿನಿಂದ ಕಣ್ಣು ತೆಗೆಯದೆ ಹೇಳಿದ. "ಗೊತ್ತಿತ್ತು. ಪರೀಕ್ಷೆ ಮಾಡಿಸ್ಕೊಂಡಿದ್ದೆ, ಸರಿಹೋಗುತ್ತೆ ಅಂದಿದ್ರು ಡಾಕ್ಟ್ರು. ಹೊರಗೆ ಗೊತ್ತಾದ್ರೆ ಡಿಪೋದಲ್ಲಿ ತಲೆ ಎತ್ತೋಕಾಗುತ್ತಾ?"

ಅತ್ತೆ ಗೋಡೆ ಹಿಡಿದು ಕೂತರು. ಸೀಟಿಯಕ್ಕನ ಧ್ವನಿ ಏರಲೇ ಇಲ್ಲ, ಅದೇ ನನಗೆ ಭಯ ಹುಟ್ಟಿಸಿತು.

"ಮಗು ಆಗಲಿಲ್ಲ ಅಂತ ಇಬ್ಬರೂ ಕೂತು ಅಳಬಹುದಿತ್ತು ರೀ. ಆ ಗಲ್ಲೀಲಿ ನಿಮಗೆ ಹಿಂದೆ ಏನೂ ಕಾಣ್ತಿರಲಿಲ್ಲ. ನನ್ನ ನಂಬಿ ಬರ್ತಿದ್ರಿ. ಒಂದು ದಿನ, ಒಂದೇ ಒಂದು ದಿನ, ನಾನು ಸುಳ್ಳು ಸೀಟಿ ಊದಿದ್ನಾ?"